ತಾರೀಖಿನ ಸಾಲಿನಲ್ಲೇ ಬುಡಾಪೆಸ್ಟ್: 1956ರ ದಂಗೆಯ ಜಾಡಿನಲ್ಲಿ ನಾಲ್ಕು ದಿನ

ಬುಡಾಪೆಸ್ಟ್‌ಗೆ ಹೋದವರಲ್ಲಿ ಹೆಚ್ಚಿನವರು, ಸೋವಿಯತ್ ಹಿಡಿತದ ವಿರುದ್ಧ ಹಂಗೇರಿಯನ್ನರು ಎದ್ದ 1956ನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ. ಆಂದ್ರಾಶಿ ರಸ್ತೆಯ 60ನೇ ನಂಬರಿನ ಮ್ಯೂಸಿಯಂ ನೋಡಿ, ಪಾರ್ಲಿಮೆಂಟಿನ ಮುಂದೆ ಫೋಟೊ ತೆಗೆಸಿಕೊಂಡು, ಸಂಜೆ ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹತ್ತುತ್ತಾರೆ. ಹಾಗೆ ನೋಡಿದರೆ ಸತ್ತವರ ಲೆಕ್ಕ ಸಿಗುತ್ತದೆ. ಜನ ಏನನ್ನು ಕೇಳಿದರು, ಕೇಳುವುದನ್ನು ಬಿಟ್ಟು ಬಂದೂಕು ಹಿಡಿದದ್ದು ಯಾವ ಬೀದಿಯಲ್ಲಿ, ಯಾವ ಗಳಿಗೆಯಲ್ಲಿ ಎನ್ನುವುದು ಸಿಗುವುದಿಲ್ಲ. ಅದು ತಿಳಿಯಬೇಕಾದರೆ ಘಟನೆ ನಡೆದ ಕ್ರಮದಲ್ಲೇ ಊರನ್ನು ನಡೆದು ನೋಡಬೇಕು. ದಂಗೆ ನಡೆದದ್ದು ಎರಡು ವಾರದಷ್ಟೇ. ಅದರ ಮುಖ್ಯ ಜಾಗಗಳೂ ಒತ್ತೊತ್ತಾಗಿವೆ. ನಾಲ್ಕು ದಿನ ಸಾಕು.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸರಿ. ಎರಡನೇ ಮಹಾಯುದ್ಧ ಮುಗಿದ ಮೇಲೂ ಸೋವಿಯತ್ ಸೇನೆ ಹಂಗೇರಿ ಬಿಟ್ಟು ಹೋಗಲಿಲ್ಲ. ಅದರ ನೆರಳಿನಲ್ಲಿ ಮಾತ್ಯಾಶ್ ರಾಕೋಶಿಯ ಕಮ್ಯುನಿಸ್ಟ್ ಪಕ್ಷ ಅಧಿಕಾರ ಹಿಡಿಯಿತು, ಆವೋ ಎಂದು ಜನ ಕರೆಯುತ್ತಿದ್ದ ಗುಪ್ತ ಪೊಲೀಸ್ ದೇಶವನ್ನೇ ಬಿಗಿಹಿಡಿಯಿತು. 1953ರಲ್ಲಿ ಪ್ರಧಾನಿಯಾದ ಇಮ್ರೆ ನಾಜ್ ಬಿಗಿಯನ್ನು ಸ್ವಲ್ಪ ಸಡಿಲಿಸಿದರು. 1955ರಲ್ಲಿ ಅವರನ್ನು ಕೆಳಗಿಳಿಸಲಾಯಿತು. 1956ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಕ್ರುಶ್ಚೇವ್ ಸ್ಟಾಲಿನ್‌ನ ಅಪರಾಧಗಳನ್ನು ಬಿಚ್ಚಿಟ್ಟರು. ಜೂನ್‌ನಲ್ಲಿ ಪೋಲೆಂಡಿನ ಪೊಜ್ನಾನ್ ಕಾರ್ಮಿಕರು ಬೀದಿಗಿಳಿದರು. ಅಕ್ಟೋಬರ್ 6ರಂದು, 1949ರಲ್ಲಿ ಸುಳ್ಳು ಮೊಕದ್ದಮೆಯಲ್ಲಿ ಗಲ್ಲಿಗೇರಿಸಲಾಗಿದ್ದ ಕಮ್ಯುನಿಸ್ಟ್ ಮಂತ್ರಿ ಲಾಸ್ಲೋ ರೈಕ್ ಅವರ ಮರುಸಂಸ್ಕಾರಕ್ಕೆ ಬುಡಾಪೆಸ್ಟ್‌ನಲ್ಲಿ ಜನಸಾಗರವೇ ಸೇರಿತು. ಮುಂದಿನದಕ್ಕೆ ಎರಡೂವರೆ ವಾರ ಸಾಕಾಯಿತು.

ಹೊರಡುವ ಮುಂಚೆ

ಅಕ್ಟೋಬರ್ ಕೊನೆಯ ವಾರ ಹೋಗುವುದು ಒಳ್ಳೆಯದು. 23 ರಾಷ್ಟ್ರೀಯ ರಜೆ: ಬೆಳಿಗ್ಗೆ ಕೊಶುಟ್ ಚೌಕದಲ್ಲಿ ಧ್ವಜಾರೋಹಣ, ಸುತ್ತಮುತ್ತ ರಸ್ತೆ ಬಂದ್, ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಬ್ರೆಡ್ಡು, ಹಣ್ಣು, ನೀರು ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಆ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದಾಚೆ ಸಂಜೆ ಐದಕ್ಕೆಲ್ಲ ಕತ್ತಲು. ಇದನ್ನು ಮರೆತವರು ಸ್ಮಶಾನದಲ್ಲಿ ಕತ್ತಲಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ.

ಓಡಾಟಕ್ಕೆ 72 ಗಂಟೆಯ ಪಾಸು ತೆಗೆದುಕೊಳ್ಳಿ. ಬಿಡಿ ಟಿಕೆಟ್ ಕೊಂಡರೆ ಯಂತ್ರಕ್ಕೆ ತೂರಿಸಿ ಗುರುತು ಹಾಕಿಸಲೇಬೇಕು. ಟಿಕೆಟ್ ಕೈಯಲ್ಲಿದ್ದೂ ಗುರುತಿಲ್ಲದೆ ದಂಡ ಕಟ್ಟುವ ಪ್ರವಾಸಿಗರು ದಿನವೂ ಸಿಗುತ್ತಾರೆ. ನೆನಪಿಡಬೇಕಾದ ಟ್ರಾಮ್ ನಂಬರು 4 ಮತ್ತು 6. ದೊಡ್ಡ ವರ್ತುಲ ರಸ್ತೆಯಲ್ಲಿ ಓಡುವ ಇವು ನದಿಯ ಪಶ್ಚಿಮ ದಂಡೆಯಾದ ಬುಡಾ ಕಡೆಯ ಸೇನಾ ಚೌಕದ (ಇದು ಹೆಸರಷ್ಟೇ, ಸೈನ್ಯ ಎಂಬ ಅರ್ಥವಲ್ಲ) ಬದಿಯಿಂದ ಹೊರಟು, ಮಾರ್ಗಿಟ್ ಸೇತುವೆ ದಾಟಿ, ಕೊರ್ವಿನ್ ಓಣಿಯ ಬಾಯಿಗೇ ತಂದು ಬಿಡುತ್ತವೆ. ದಂಗೆಯ ಅರ್ಧ ಭೂಪಟ ಇದೊಂದೇ ಹಳಿಯ ಮೇಲಿದೆ.

ಹೆಸರುಗಳ ಬಗ್ಗೆ ಒಂದು ಮಾತು. ಹಂಗೇರಿಯನ್ನರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ. ಹಾಗಾಗಿ ಫಲಕದಲ್ಲಿ ಕಾಣುವುದು ‘ನಾಜ್ ಇಮ್ರೆ’. ಉತ್ಸಾ ಎಂದರೆ ಬೀದಿ, ಊತ್ ಎಂದರೆ ರಸ್ತೆ, ಟೇರ್ ಎಂದರೆ ಚೌಕ, ಕೊಜ್ ಎಂದರೆ ಓಣಿ. ಹಳೆಯ ನಕ್ಷೆ ಹಿಡಿದವರಿಗೆ ಇನ್ನೊಂದು ತೊಡಕಿದೆ: 1956ರ ಸ್ಟಾಲಿನ್ ರಸ್ತೆಯೇ ಇಂದಿನ ಆಂದ್ರಾಶಿ ರಸ್ತೆ, ಅಂದಿನ ಮಾಸ್ಕೋ ಚೌಕ ಈಗ ಸೆಲ್ ಕಾಲ್ಮಾನ್ ಚೌಕ, ಅಕ್ಟೋಬರ್ 30ರಂದು ಪಕ್ಷದ ನಗರ ಕಚೇರಿಗೆ ಜನ ಮುತ್ತಿಗೆ ಹಾಕಿದ ರಿಪಬ್ಲಿಕ್ ಚೌಕಕ್ಕೆ ಈಗ ಪೋಪ್ ಎರಡನೇ ಜಾನ್ ಪಾಲ್ ಅವರ ಹೆಸರು.

ಮೊದಲ ದಿನ: ಕೇಳಿದವರ ಹಾದಿ

ಗೆಲ್ಲೆರ್ಟ್ ಚೌಕದಲ್ಲಿ ಮೆಟ್ರೊ ಇಳಿದರೆ ನದಿಯ ಪಕ್ಕದಲ್ಲೇ ತಾಂತ್ರಿಕ ವಿಶ್ವವಿದ್ಯಾಲಯ. ಅಕ್ಟೋಬರ್ 22ರ ರಾತ್ರಿ ಇಲ್ಲಿನ ಸಭಾಂಗಣದಲ್ಲಿ ವಿದ್ಯಾರ್ಥಿಗಳು 16 ಬೇಡಿಕೆಗಳ ಪಟ್ಟಿ ಬರೆದರು. ನಡಿಗೆಗೆ ಮುಂಚೆ ಆ ಪಟ್ಟಿಯನ್ನು ಒಮ್ಮೆ ಓದಿಕೊಳ್ಳಿ. ಸೋವಿಯತ್ ಸೇನೆ ದೇಶ ಬಿಡಬೇಕು, ಇಮ್ರೆ ನಾಜ್ ಪ್ರಧಾನಿಯಾಗಬೇಕು, ಹಲವು ಪಕ್ಷಗಳ ಗುಪ್ತ ಮತದಾನ ನಡೆಯಬೇಕು ಎಂಬುವು ಎಲ್ಲರಿಗೂ ಗೊತ್ತಿರುವವು. ಆದರೆ ಅದರಲ್ಲಿ ಕಾರ್ಖಾನೆಯ ಕೆಲಸದ ಗುರಿಗಳನ್ನು ಮರುಪರಿಶೀಲಿಸಿ ಎಂಬುದಿದೆ, ರೈತರಿಂದ ಕಡ್ಡಾಯವಾಗಿ ವಸೂಲು ಮಾಡುವ ಧಾನ್ಯದ ಮಾತಿದೆ, ಹಂಗೇರಿಯ ಯುರೇನಿಯಂ ಅದಿರಿನ ನಿಜವಾದ ಲೆಕ್ಕ ಕೊಡಿ ಎಂಬುದೂ ಇದೆ. ಅನ್ನ, ಕೂಲಿ, ಅದಿರು ಎಲ್ಲವನ್ನೂ ಲೆಕ್ಕ ಕೇಳಿದ ಪಟ್ಟಿ ಇದು. ಬರೀ ಘೋಷಣೆಯಾಗಿದ್ದರೆ ಮಾರನೆಯ ದಿನ ಕಾರ್ಖಾನೆಗಳಿಂದ ಕಾರ್ಮಿಕರು ಬರುತ್ತಿರಲಿಲ್ಲ.

23 ಮಂಗಳವಾರ. ಗೃಹ ಸಚಿವಾಲಯ ಮೆರವಣಿಗೆಯನ್ನು ನಿಷೇಧಿಸಿತು, ಮಧ್ಯಾಹ್ನ ನಿಷೇಧವನ್ನು ಹಿಂತೆಗೆದುಕೊಂಡಿತು. ಒಂದು ಗುಂಪು ಪೆಸ್ಟ್ ದಂಡೆಯ ಕವಿ ಪೆಟೋಫಿಯ ಪ್ರತಿಮೆಯಿಂದ, ಇನ್ನೊಂದು ಈ ವಿಶ್ವವಿದ್ಯಾಲಯದಿಂದ ಹೊರಟು, ಎರಡೂ ಬೆಮ್ ಚೌಕ ಸೇರಿದವು. ಬುಡಾ ದಂಡೆಯಗುಂಟ ಸುಮಾರು 4 ಕಿ.ಮೀ., ಎಲ್ಲೂ ಏರಿಲ್ಲ, ನಿಧಾನಕ್ಕೆ ಒಂದು ಗಂಟೆ. ಕಾಲು ಸೋತರೆ 19 ಅಥವಾ 41ನೇ ಟ್ರಾಮ್ ಅದೇ ದಂಡೆಯಲ್ಲಿ ಓಡುತ್ತದೆ.

ಬೆಮ್ ಚೌಕವೇ ಯಾಕೆ ಎಂದರೆ, ಯೋಜೆಫ್ ಬೆಮ್ ಪೋಲೆಂಡಿನವರು. 1848-49ರ ಹಂಗೇರಿ ಸ್ವಾತಂತ್ರ್ಯ ಸಮರದಲ್ಲಿ ಇಲ್ಲಿನ ಸೇನೆಯನ್ನು ನಡೆಸಿದ ಜನರಲ್. ಪೋಲೆಂಡಿಗೆ ಬೆಂಬಲ ಹೇಳುವುದಕ್ಕೂ ತಮ್ಮ ಹಳೆಯ ಹೋರಾಟವನ್ನು ನೆನೆಯುವುದಕ್ಕೂ ಆ ಒಂದು ಪ್ರತಿಮೆ ಸಾಕಿತ್ತು. ಆ ದಿನವೇ ಧ್ವಜದ ನಡುವಿನ ಸುತ್ತಿಗೆ-ತೆನೆಯ ಲಾಂಛನವನ್ನು ಜನ ಕತ್ತರಿಯಿಂದ ಕತ್ತರಿಸಿ ತೆಗೆದರು. ನಡುವೆ ತೂತಿರುವ ಕೆಂಪು-ಬಿಳಿ-ಹಸಿರು ಬಾವುಟ ಆ ಗಳಿಗೆಯಿಂದ ದಂಗೆಯ ಗುರುತಾಯಿತು.

ಇಲ್ಲಿಂದ ಸೇತುವೆ ಕಡೆಗೆ ಅವಸರದಿಂದ ಹೋಗಬೇಡಿ. ಫೋ ಬೀದಿಯಲ್ಲಿ ದಕ್ಷಿಣಕ್ಕೆ ಐದು ನಿಮಿಷ ಹಿಂದಕ್ಕೆ ನಡೆದರೆ ಮಿಲಿಟರಿ ನ್ಯಾಯಾಲಯ ಮತ್ತು ಜೈಲಿನ ಭಾರೀ ಕಟ್ಟಡ, ಪಕ್ಕದಲ್ಲಿ ಈಗ ಇಮ್ರೆ ನಾಜ್ ಹೆಸರಿನ ಪುಟ್ಟ ಚೌಕ. 1958ರ ಜೂನ್‌ನಲ್ಲಿ ಬಾಗಿಲು ಮುಚ್ಚಿದ ವಿಚಾರಣೆಯಲ್ಲಿ ನಾಜ್‌ಗೆ ಮರಣದಂಡನೆ ಹೇಳಿದ್ದು ಇದರೊಳಗೆ. ಜನ ಅವರ ಹೆಸರು ಕೂಗಿದ ಚೌಕಕ್ಕೂ ಅವರಿಗೆ ಸಾವು ವಿಧಿಸಿದ ಕೋಣೆಗೂ ನಡುವೆ ಐದು ನಿಮಿಷದ ದಾರಿ. ಮಾರ್ಗದರ್ಶಿಗಳು ಕರೆದುಕೊಂಡು ಹೋಗುವ ಸುತ್ತುಗಳಲ್ಲಿ ಈ ಜಾಗ ಹೆಚ್ಚಾಗಿ ಇರುವುದಿಲ್ಲ, ನೀವಾಗಿ ಹೋಗಬೇಕು.

ಮಾರ್ಗಿಟ್ ಸೇತುವೆ ದಾಟಿದರೆ ಯಾಸೈ ಮಾರಿ ಚೌಕ. ಚಿಕ್ಕ ಸೇತುವೆಯ ಮೇಲೆ ಟೋಪಿ, ಕೋಟು ಹಾಕಿಕೊಂಡು ನಿಂತ ನಾಜ್ ಅವರ ಪ್ರತಿಮೆ ಈಗ ಇಲ್ಲಿದೆ. 1996ರಿಂದ ಅದು ಪಾರ್ಲಿಮೆಂಟಿಗೆ ಮುಖಮಾಡಿ ಹುತಾತ್ಮರ ಚೌಕದಲ್ಲಿತ್ತು. 2018ರ ಡಿಸೆಂಬರಿನಲ್ಲಿ ಬೆಳಕು ಹರಿಯುವ ಮುಂಚೆ ಅದನ್ನು ಕಿತ್ತು, 2019ರಲ್ಲಿ ಇಲ್ಲಿ ನಿಲ್ಲಿಸಲಾಯಿತು. ಹಳೆಯ ಗೈಡ್ ಪುಸ್ತಕ ನಂಬಿದವರು ಇಂದಿಗೂ ಹುತಾತ್ಮರ ಚೌಕಕ್ಕೆ ಹೋಗಿ ಹುಡುಕುತ್ತಾರೆ. ಆ ಸ್ಥಳಾಂತರ ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ: ಆ ಪ್ರತಿಮೆಯ ಅರ್ಥವೇ ಅದು ಪಾರ್ಲಿಮೆಂಟನ್ನು ನೋಡುತ್ತಿದ್ದುದರಲ್ಲಿತ್ತು.

ಕತ್ತಲಾಗುವ ಹೊತ್ತಿಗೆ ಕೊಶುಟ್ ಚೌಕಕ್ಕೆ ಬನ್ನಿ. ಅಂದು ಸುಮಾರು 2 ಲಕ್ಷ ಜನ ಇಲ್ಲಿ ಸೇರಿದ್ದರು. ದೀಪ ಆರಿಸಿದಾಗ ಪಕ್ಷದ ಪತ್ರಿಕೆಯನ್ನೇ ಸುರುಳಿ ಸುತ್ತಿ ಪಂಜು ಮಾಡಿಕೊಂಡರು. ರಾತ್ರಿ ಒಂಬತ್ತರ ಸುಮಾರಿಗೆ ನಾಜ್ ಪಾರ್ಲಿಮೆಂಟಿನಿಂದ ‘ಕಾಮ್ರೇಡರೇ’ ಎಂದು ಮಾತು ಶುರು ಮಾಡಿದರೆ, ನಾವು ಕಾಮ್ರೇಡರಲ್ಲ ಎಂದು ಜನ ಕೂಗಿದರು. ಜನ ತನ್ನನ್ನು ದಾಟಿ ಎಷ್ಟು ಮುಂದೆ ಹೋಗಿದ್ದಾರೆ ಎಂಬುದು ಅವರಿಗೆ ತಿಳಿದದ್ದು ಅಲ್ಲಿ.

ಇಲ್ಲಿಂದ ಎರಡನೇ ಮೆಟ್ರೊ ಹಿಡಿದು ಆಸ್ಟೋರಿಯಾದಲ್ಲಿ ಇಳಿದು, ರಾಷ್ಟ್ರೀಯ ಮ್ಯೂಸಿಯಂ ಬಳಸಿ ಹೋದರೆ ಬ್ರೋಡಿ ಶಾಂದೋರ್ ಬೀದಿ. ರೇಡಿಯೊ ಕೇಂದ್ರ ಇದ್ದದ್ದು 5-7ನೇ ನಂಬರಿನಲ್ಲಿ. 16 ಬೇಡಿಕೆಗಳನ್ನು ಓದಿ ಎಂದು ಜನ ಕೇಳಿದ್ದಷ್ಟೇ. ಓದಲಿಲ್ಲ. ಬದಲಿಗೆ ಎಂಟು ಗಂಟೆಗೆ ಪಕ್ಷದ ಮುಖ್ಯಸ್ಥ ಗೆರೋ ಜನರನ್ನೇ ಹೀಯಾಳಿಸುವ ಭಾಷಣ ಮಾಡಿದರು. ಬಿಳಿ ಕೋಟಿನಲ್ಲಿ ಆಂಬುಲೆನ್ಸ್ ಹತ್ತಿ ಬಂದವರು ಗುಪ್ತ ಪೊಲೀಸರೆಂದು ತಿಳಿದಾಗ ಕೋಪ ಕಟ್ಟೆಯೊಡೆಯಿತು ಎನ್ನುತ್ತದೆ 1957ರ ವಿಶ್ವಸಂಸ್ಥೆಯ ವರದಿ. ಕಟ್ಟಡದೊಳಗಿಂದ ಗುಂಡು ಹಾರಿತು. ಸೈನಿಕರು, ಆಯುಧ ಕಾರ್ಖಾನೆಯ ಕಾರ್ಮಿಕರು ಜನರ ಕೈಗೆ ಬಂದೂಕು ಕೊಟ್ಟರು. ರೇಡಿಯೊ ಈಗ ಇಲ್ಲಿಲ್ಲ. ಬೀದಿಯ ಅಗಲವನ್ನು ಮಾತ್ರ ಗಮನಿಸಿ. ಇಷ್ಟು ಕಿರಿದಾದ ಬೀದಿಯಲ್ಲಿ ಸಾವಿರಾರು ಜನ ತುಂಬಿಕೊಂಡರೆ ಮುಂದಿದ್ದವರಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ.

ಎರಡನೇ ದಿನ: ಕೊರ್ವಿನ್ ಓಣಿ

ಈ ದಿನಕ್ಕೆ ಅವಸರ ಬೇಡ. 4 ಅಥವಾ 6ನೇ ಟ್ರಾಮ್, ಇಲ್ಲವೇ ಮೂರನೇ ಮೆಟ್ರೊ ಹಿಡಿದು ಕೊರ್ವಿನ್-ನೆಗ್ಯೆದ್‌ನಲ್ಲಿ ಇಳಿಯಿರಿ. ಎದುರಿಗೇ 1922ರ ಕೊರ್ವಿನ್ ಚಿತ್ರಮಂದಿರ, ಅದರ ಮುಂದೆ ಕೈಯಲ್ಲಿ ಬಂದೂಕು ಹಿಡಿದ ಹುಡುಗನ ಕಂಚಿನ ಪ್ರತಿಮೆ, ‘ಪೆಶ್ತಿ ಸ್ರಾತ್ಸ್’ ಎಂದರೆ ಪೆಸ್ಟ್‌ನ ಪೋರ. 1996ರಲ್ಲಿ ನಿಲ್ಲಿಸಿದ್ದು. ಬಹುಪಾಲು ಜನ ಇಲ್ಲಿಂದಲೇ ಹಿಂದಿರುಗುತ್ತಾರೆ. ನೋಡಬೇಕಾದದ್ದು ಚಿತ್ರಮಂದಿರದ ಹಿಂದೆ ಇದೆ.

ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ. ಚಿತ್ರಮಂದಿರ ನಡುವೆ, ಅದನ್ನು ಅಪ್ಪಿಕೊಂಡಂತೆ ಹಲವು ಅಂತಸ್ತಿನ ವಸತಿ ಕಟ್ಟಡಗಳ ಅರ್ಧಚಕ್ರ, ನಡುವೆ ಬಾಗಿದ ಓಣಿ, ಹಿಂದಿನ ಬೀದಿಗಳಿಗೆ ಇಕ್ಕಟ್ಟಾದ ದಾರಿ. ಹೆದ್ದಾರಿಯಲ್ಲಿ ಬಂದ ಟ್ಯಾಂಕ್ ಈ ಓಣಿಯೊಳಗೆ ನುಗ್ಗಲಾರದು. ನುಗ್ಗದೆ ಒಳಗಿರುವವರನ್ನು ಗುರಿ ಇಡಲಾರದು. ಹುಡುಗರು ಮುಂದೆ ಹೊಡೆದು ಹಿಂದಿನ ದಾರಿಯಿಂದ ಜಾರಿಕೊಳ್ಳಬಹುದಿತ್ತು. ಚಿತ್ರಮಂದಿರದ ಹಿಂದೆಯೇ ಒಂದು ಪೆಟ್ರೋಲ್ ಬಂಕ್ ಇತ್ತು. ಎದುರಿಗೆ ಉಲ್ಲೋಯಿ ರಸ್ತೆಯ ಆಚೆ ಬದಿಗೆ ಕಿಲಿಯಾನ್ ಸೇನಾ ಬ್ಯಾರಕ್ಕು. ಆಗ್ನೇಯದಿಂದ ನಗರದ ನಡುವಿಗೆ ಬರುವ ಉಲ್ಲೋಯಿ ರಸ್ತೆಯೂ ದೊಡ್ಡ ವರ್ತುಲ ರಸ್ತೆಯೂ ಕೂಡುವ ಮೂಲೆ ಇದು. ಸೋವಿಯತ್ ಸೇನೆಗೆ ಈ ಮೂಲೆ ಕೈತಪ್ಪಿದರೆ ಟ್ಯಾಂಕುಗಳು ಆ ಕಡೆಯಿಂದ ಊರೊಳಗೆ ನಿರಾತಂಕವಾಗಿ ಓಡಾಡುವಂತಿಲ್ಲ. ನಕ್ಷೆ ತೆರೆದು ಈ ಮೂಲೆಯಲ್ಲಿ ನಿಂತು ನೋಡಿದರೆ ಎಲ್ಲ ಕೈಗೆಟುಕಿದಂತೆ ತಿಳಿಯುತ್ತದೆ.

ಅಕ್ಟೋಬರ್ 24ರ ನಸುಕಿಗೆ ಒಳಬಂದ ಸೋವಿಯತ್ ಪಡೆ ಎಡವಿದ್ದು ಹೀಗೆ. ಟ್ಯಾಂಕುಗಳ ಜೊತೆ ನಡೆದು ಬರುವ ಪದಾತಿ ಸಾಕಷ್ಟು ಇರಲಿಲ್ಲ; ಟ್ಯಾಂಕ್ ಕಂಡೇ ಜನ ಮನೆ ಸೇರುತ್ತಾರೆ ಎಂಬ ಲೆಕ್ಕಾಚಾರ. ಇಕ್ಕಟ್ಟಾದ ಬೀದಿಯಲ್ಲಿ ಫಿರಂಗಿಯ ನಳಿಗೆಯನ್ನು ಮೇಲಿನ ಮಹಡಿಯ ಕಿಟಕಿಗೆ ಎತ್ತಲು ಆಗುತ್ತಿರಲಿಲ್ಲ. ಟಿ-34 ಟ್ಯಾಂಕಿನ ಎಂಜಿನ್ ಹಿಂಬದಿಯಲ್ಲಿದೆ, ಅದರ ಮೇಲೆ ಗಾಳಿಯಾಡುವ ಜಾಲರಿ; ಮೇಲಿನಿಂದ ಬಿದ್ದ ಪೆಟ್ರೋಲ್ ಬಾಟಲಿಯ ಬೆಂಕಿ ಅಲ್ಲಿಂದ ಒಳಗಿಳಿಯುತ್ತಿತ್ತು. ಟ್ಯಾಂಕ್ ನಿಲ್ಲಿಸಲೆಂದು ಹುಡುಗರು ಊಟದ ತಟ್ಟೆಗಳನ್ನು ರಸ್ತೆಯ ಮೇಲೆ ಬೋರಲು ಇಡುತ್ತಿದ್ದರು. ನೆಲಬಾಂಬ್ ಎಂದು ಚಾಲಕ ಅನುಮಾನಿಸಿ ನಿಂತ ಆ ಒಂದು ಕ್ಷಣವೇ ಮೇಲಿನವರಿಗೆ ಬೇಕಿದ್ದದ್ದು.

ಇಲ್ಲಿನ ಮುಂದಾಳು ಮೊದಲು ಲಾಸ್ಲೋ ಇವಾನ್ ಕೊವಾಚ್, ನವೆಂಬರ್ ಮೊದಲಿಗೆ ಗೆರ್ಗೆಯ್ ಪೊಂಗ್ರಾಟ್ಸ್. ಕೊವಾಚ್‌ರನ್ನು 1957ರ ಡಿಸೆಂಬರ್ 30ರಂದು ಗಲ್ಲಿಗೇರಿಸಿದರು. ಎದುರಿನ ಬ್ಯಾರಕ್ಕನ್ನು ಹತೋಟಿಗೆ ತರಲು ಟ್ಯಾಂಕುಗಳ ಸಮೇತ ಕಳುಹಿಸಲಾದ ಕರ್ನಲ್ ಪಾಲ್ ಮಾಲೆಟೆರ್ ದಂಗೆಯ ಪಕ್ಷಕ್ಕೇ ಬಂದರು. ಇದನ್ನು ಒಂದೇ ಏಟಿಗೆ ಆದ ಮನಪರಿವರ್ತನೆ ಎಂಬಂತೆ ಹೇಳುವುದು ರೂಢಿ. ಆದರೆ ಅವರಿಗೂ ಕೊರ್ವಿನ್ ಹುಡುಗರಿಗೂ ಮೊದಲ ದಿನಗಳಲ್ಲಿ ಹೊಂದಾಣಿಕೆ ಇರಲಿಲ್ಲ. ಪರಸ್ಪರ ನಂಬಿಕೆ ಬರಲು ದಿನಗಳೇ ಹಿಡಿದವು.

ಪಕ್ಕದ ಟುಜೋಲ್ಟೋ ಬೀದಿಯಲ್ಲಿ ಇಶ್ಟ್ವಾನ್ ಆಂಗ್ಯಾಲ್ ಅವರ ತಂಡ ಹೋರಾಡಿತು. ಔಶ್ವಿಟ್ಸ್‌ನಿಂದ ಬದುಕಿ ಬಂದ ಯಹೂದಿ, ನಂಬಿಕೆಯಿಂದ ಎಡಪಂಥೀಯ. ಅವರನ್ನೂ ನೇಣಿಗೆ ಹಾಕಿದರು. ಈ ದಂಗೆಯನ್ನು ಬರೀ ಬಲಪಂಥದ್ದು ಎನ್ನುವವರು ಆ ಬೀದಿಗೊಮ್ಮೆ ಹೋಗಬೇಕು.

ಎಂಟನೇ ಮತ್ತು ಒಂಬತ್ತನೇ ವಾರ್ಡಿನ ಒಳಬೀದಿಗಳ ಗೋಡೆಗಳಲ್ಲಿ ಗುಂಡಿನ ತೂತುಗಳು ಈಗಲೂ ಕಾಣುತ್ತವೆ. ಎಲ್ಲವೂ 1956ರವು ಎಂದುಕೊಳ್ಳಬೇಡಿ. 1944-45ರ ಚಳಿಗಾಲದ ಮುತ್ತಿಗೆಯಲ್ಲೂ ಇದೇ ಬೀದಿಗಳಲ್ಲಿ ಗುಂಡಿನ ಮಳೆಯಾಗಿದೆ. ಫಲಕವಿದ್ದರೆ ನಂಬಿ, ಇಲ್ಲದಿದ್ದರೆ ಸುಮ್ಮನೆ ನೋಡಿ.

ಊಟಕ್ಕೆ ತರಕಾರಿಯ ದಪ್ಪ ಸಾರಿನಂತಿರುವ ‘ಫೋಜೆಲೇಕ್’ ಕೇಳಿ. ಸಸ್ಯಾಹಾರಿಗಳು ಹಂದಿ ಕೊಬ್ಬು ಹಾಕಿದೆಯೇ ಎಂದು ಮೊದಲೇ ವಿಚಾರಿಸಬೇಕು.

ಮಧ್ಯಾಹ್ನ ಅದೇ ಟ್ರಾಮ್ ಹತ್ತಿ ಇನ್ನೊಂದು ತುದಿಯ ಸೇನಾ ಚೌಕಕ್ಕೆ. ಇಲ್ಲಿ ‘ಸಾಬೋ ಬಾಚಿ’, ಅಂದರೆ ಸಾಬೋ ಮಾಮ ಎಂದು ಎಲ್ಲರೂ ಕರೆಯುತ್ತಿದ್ದ ಯಾನೋಶ್ ಸಾಬೋ ಅವರ ತಂಡ ಅಡ್ಡಗಟ್ಟೆ ಕಟ್ಟಿ ನಿಂತಿತ್ತು. ಆ ತಂಡದಲ್ಲಿ ಓಡಾಡಿಕೊಂಡಿದ್ದ ಪೇಟರ್ ಮಾನ್ಸ್‌ಫೆಲ್ಡ್ ಹುಟ್ಟಿದ್ದು 1941ರ ಮಾರ್ಚ್ 10. ಗಲ್ಲಿಗೇರಿದ್ದು 1959ರ ಮಾರ್ಚ್ 21. ಲೆಕ್ಕ ಹಾಕಿದರೆ 18 ವರ್ಷ, 11 ದಿನ.

ಮೂರನೇ ದಿನ: ಚೌಕ, ರಾಯಭಾರ ಕಚೇರಿ, ಬೂಟು

ಬೆಳಿಗ್ಗೆ ಮತ್ತೆ ಕೊಶುಟ್ ಚೌಕ. ಅಕ್ಟೋಬರ್ 25, ಗುರುವಾರ. ಕದನವಿರಾಮ ಬಂದೀತೆಂಬ ನಂಬಿಕೆಯಲ್ಲಿ, ಸೋವಿಯತ್ ಟ್ಯಾಂಕ್ ಸಿಬ್ಬಂದಿಯ ಜೊತೆ ಮಾತಾಡುತ್ತಲೇ ಬಂದ ನಿರಾಯುಧ ಜನರ ಮೇಲೆ ಇಲ್ಲಿ ಗುಂಡಿನ ಮಳೆಯಾಯಿತು. ಮೊದಲ ಗುಂಡು ಯಾರದು, ಸತ್ತವರೆಷ್ಟು ಎಂಬುದರ ಬಗ್ಗೆ ಇತಿಹಾಸಕಾರರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಪಾರ್ಲಿಮೆಂಟಿಗೆ ಎದುರಾದ ಕೃಷಿ ಸಚಿವಾಲಯದ ಗೋಡೆಯಲ್ಲಿ ಗುಂಡು ತಾಗಿದ ಜಾಗಗಳಿಗೆ ಕಂಚಿನ ಗುಂಡುಗಳನ್ನು ಕೂರಿಸಿದ್ದಾರೆ. ಹತ್ತಿರ ಹೋಗದಿದ್ದರೆ ಕಾಣುವುದೇ ಇಲ್ಲ. ಚೌಕದ ಕೆಳಗಿನ ಹಳೆಯ ಗಾಳಿ ಸುರಂಗದಲ್ಲಿ ಆ ದಿನದ ಸ್ಮಾರಕವಿದೆ.

ನವೆಂಬರ್ 1ರಂದು, ಮತ್ತೆ ಪ್ರಧಾನಿಯಾಗಿದ್ದ ನಾಜ್ ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬಂದು ದೇಶ ತಟಸ್ಥ ಎಂದು ಘೋಷಿಸಿದರು. 3ರ ರಾತ್ರಿ, ಅಷ್ಟರಲ್ಲಿ ರಕ್ಷಣಾ ಮಂತ್ರಿಯಾಗಿದ್ದ ಮಾಲೆಟೆರ್‌ರನ್ನು ಸೇನೆ ಹಿಂತೆಗೆತದ ಮಾತುಕತೆಗೆಂದು ಟೊಕೊಲ್‌ನ ಸೋವಿಯತ್ ನೆಲೆಗೆ ಕರೆಸಿ ಅಲ್ಲೇ ಬಂಧಿಸಿದರು. 4ರ ನಸುಕಿನಲ್ಲಿ ಎರಡನೇ ದಾಳಿ. ಈ ಸಲ ಫಿರಂಗಿ, ಪದಾತಿ ಎಲ್ಲವೂ ಇದ್ದವು, ಮೂಲೆಯ ಮನೆಗಳನ್ನು ದೂರದಿಂದಲೇ ಉರುಳಿಸಿದರು. ಕಾರ್ಮಿಕರ ಚೆಪೆಲ್ ದ್ವೀಪ 11ರವರೆಗೂ ಹೋರಾಡಿತು.

ಪಾರ್ಲಿಮೆಂಟಿನ ಮುಂದೆ ನಿಂತಾಗ ಭಾರತದ ಮಾತೂ ಬರಬೇಕು. 4ರಂದು ಎಲ್ಲರೂ ಹೋದ ಮೇಲೂ ಆ ಕಟ್ಟಡದಲ್ಲಿ ಉಳಿದು ಕೆಲಸ ಮಾಡಿದ ಮಂತ್ರಿ ಇಶ್ಟ್ವಾನ್ ಬಿಬೋ. ಅವರೂ ಆರ್ಪಾದ್ ಗೊಂಟ್ಸ್ ಅವರೂ ರಾಜಿಸೂತ್ರವೊಂದನ್ನು ಭಾರತದ ಮೂಲಕ ಮಾಸ್ಕೋಗೆ ಮುಟ್ಟಿಸಲು ಯತ್ನಿಸಿದರು. ಬುಡಾಪೆಸ್ಟ್‌ನಲ್ಲಿ ಭಾರತದ ಕಚೇರಿಯ ಹೊಣೆ ಹೊತ್ತಿದ್ದವರು ಎಂ.ಎ. ರೆಹಮಾನ್, ಮಾಸ್ಕೋದಲ್ಲಿದ್ದ ರಾಯಭಾರಿ ಕೆ.ಪಿ.ಎಸ್. ಮೆನನ್ ಹಂಗೇರಿಗೂ ರಾಯಭಾರಿ. 1958ರಲ್ಲಿ ಬಿಬೋ, ಗೊಂಟ್ಸ್ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ತಾವು ನೇಣಿನಿಂದ ಉಳಿದದ್ದು ಭಾರತದ ಮಧ್ಯಪ್ರವೇಶದಿಂದ ಎಂದು ಗೊಂಟ್ಸ್ ನಂಬಿದ್ದರು. 1990ರಿಂದ 2000ದವರೆಗೆ ಅವರೇ ಹಂಗೇರಿಯ ಅಧ್ಯಕ್ಷರು. ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ನವೆಂಬರ್ 9ರಂದು ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಹಂಗೇರಿಯಲ್ಲಿ ಚುನಾವಣೆ ಕೇಳಿದ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು. ಜಯಪ್ರಕಾಶ ನಾರಾಯಣರು ನೆಹರೂ ಅವರನ್ನು ಬಹಿರಂಗವಾಗಿ ಟೀಕಿಸಿದರು. ಜೆಪಿ ಹೇಳಿದ್ದೇ ಸರಿಯಾಗಿತ್ತು.

ದಕ್ಷಿಣಕ್ಕೆ ಸ್ವಲ್ಪ ದೂರದ ಸಬಾದ್‌ಶಾಗ್ ಚೌಕದಲ್ಲಿ ಅಮೆರಿಕದ ರಾಯಭಾರ ಕಚೇರಿ. ನವೆಂಬರ್ 4ರಂದು ಆಶ್ರಯ ಕೋರಿ ಒಳಹೊಕ್ಕ ಹಂಗೇರಿಯ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಮಿಂಡ್‌ಸೆಂಟಿ ಹೊರಬಂದದ್ದು 1971ರಲ್ಲಿ. ಭದ್ರತೆ ಬಿಗಿ, ಅಲ್ಲಿ ಕ್ಯಾಮೆರಾ ಎತ್ತಬೇಡಿ.

ಆಂದ್ರಾಶಿ ರಸ್ತೆಯ 60ನೇ ನಂಬರಿಗೆ ಮೊದಲನೇ ಮೆಟ್ರೊ, ವೊರೊಶ್ಮಾರ್ಟಿ ಬೀದಿ ನಿಲ್ದಾಣ. ಮೊದಲು ಹಂಗೇರಿಯ ನಾಜಿಗಳದ್ದಾಗಿದ್ದ ಈ ಕಟ್ಟಡ ಆಮೇಲೆ ಗುಪ್ತ ಪೊಲೀಸರ ಕೇಂದ್ರವಾಯಿತು, 2002ರಿಂದ ಮ್ಯೂಸಿಯಂ. ಮೇಲಿನಿಂದ ನೋಡುತ್ತ ಬಂದು ಕೊನೆಗೆ ನೆಲಮಾಳಿಗೆಯ ಕೋಣೆಗಳಿಗೆ ಇಳಿಯಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ, ಎರಡು ಗಂಟೆ ಬೇಕು. ಪ್ರದರ್ಶನ ಪರಿಣಾಮಕಾರಿ. ಆದರೆ ನಾಜಿ ಕಾಲಕ್ಕೆ ಕೊಟ್ಟ ಜಾಗ ತೀರಾ ಕಡಿಮೆ. ಆ ಕೊರತೆ ಗಮನದಲ್ಲಿಟ್ಟುಕೊಂಡೇ ನೋಡಬೇಕು.

ಅದೇ ಮೆಟ್ರೊದಲ್ಲಿ ಮುಂದೆ ವೀರರ ಚೌಕ. ಚೌಕದ ಮೂಲೆಯ ಸರ್ಬಿಯಾ ರಾಯಭಾರ ಕಚೇರಿ ಅಂದು ಯುಗೊಸ್ಲಾವಿಯಾದ್ದು. ನವೆಂಬರ್ 4ರಂದು ನಾಜ್ ಮತ್ತು ಸಂಗಡಿಗರು ಆಶ್ರಯ ಪಡೆದದ್ದು ಇಲ್ಲಿ. ಏನೂ ಮಾಡುವುದಿಲ್ಲ ಎಂದು, ಸೋವಿಯತ್ ಬೆಂಬಲದಿಂದ ಅಧಿಕಾರಕ್ಕೆ ಬಂದ ಯಾನೋಶ್ ಕಾದಾರ್ ಸರ್ಕಾರ ಬರೆದುಕೊಟ್ಟ ಮೇಲೆ 22ರಂದು ಬಸ್ಸು ಹತ್ತಿದರು. ಬಸ್ಸನ್ನು ಸೋವಿಯತ್ ಪಡೆ ಎಳೆದೊಯ್ದಿತು, ಅಲ್ಲಿಂದ ರೊಮೇನಿಯಾದ ಸ್ನಾಗೊವ್‌ಗೆ ಸಾಗಿಸಿತು.

ದೋಜಾ ರಸ್ತೆಯಲ್ಲಿ ಸ್ವಲ್ಪ ನಡೆದರೆ ‘56ರವರ ಚೌಕ’. 1951ರಲ್ಲಿ ಒಂದು ಚರ್ಚನ್ನು ಕೆಡವಿ, ಇಲ್ಲಿ 8 ಮೀಟರ್ ಎತ್ತರದ ಕಂಚಿನ ಸ್ಟಾಲಿನ್ ಪ್ರತಿಮೆ ನಿಲ್ಲಿಸಿದ್ದರು. ಅಕ್ಟೋಬರ್ 23ರ ರಾತ್ರಿ ಉಕ್ಕಿನ ಹಗ್ಗ ಕಟ್ಟಿ ಎಳೆದರೂ ಪ್ರತಿಮೆ ಅಲುಗಲಿಲ್ಲ. ಗ್ಯಾಸ್ ವೆಲ್ಡಿಂಗ್ ಉಪಕರಣ ತಂದು ಮೊಣಕಾಲಿನ ಬಳಿ ಕೊಯ್ದ ಮೇಲೆ, 9 ಗಂಟೆ 37 ನಿಮಿಷಕ್ಕೆ ಉರುಳಿತು. ಪೀಠದ ಮೇಲೆ ಉಳಿದದ್ದು ಬೂಟುಗಳು ಮಾತ್ರ. ಜನ ಅದನ್ನು ಬೂಟಿನ ಚೌಕ ಎಂದು ಕರೆದರು. ತಾರೀಖಿನಂತೆ ಇದು ಮೊದಲ ದಿನಕ್ಕೆ ಸೇರಬೇಕು. ದೂರವಾದ್ದರಿಂದ ಇಲ್ಲಿಗೆ ಬಂತು. ಈಗ ಅಲ್ಲಿ ತುಕ್ಕು ಹಿಡಿದ ಕಬ್ಬಿಣದ ಕಂಬಗಳು ಬಿಡಿಬಿಡಿಯಾಗಿ ಶುರುವಾಗಿ, ಒತ್ತೊತ್ತಾಗುತ್ತಾ, ಕೊನೆಗೆ ಹೊಳೆಯುವ ಉಕ್ಕಿನ ಒಂದೇ ಮೊನೆಯಾಗುವ ಸ್ಮಾರಕ. ಹಿಂಬದಿಯಿಂದ ಕಂಬಗಳ ನಡುವೆ ನುಸುಳಿಕೊಂಡು ಮೊನೆಯ ಕಡೆಗೆ ನಡೆಯಿರಿ. ಒಂದು ಹಂತದಲ್ಲಿ ಮೈ ಹಿಡಿಸದಂತೆ ಆಗುತ್ತದೆ. ಬೂಟುಗಳ ಪ್ರತಿರೂಪ ನೋಡಬೇಕೆಂದರೆ ಊರಾಚೆಯ ಮೆಮೆಂಟೊ ಪಾರ್ಕಿಗೆ ಅರ್ಧ ದಿನ ಬೇಕು.

ನಾಲ್ಕನೇ ದಿನ: 301ನೇ ವಿಭಾಗ

ಬ್ಲಾಹಾ ಲೂಯಿಜಾ ಚೌಕದಿಂದ 28 ಅಥವಾ 37ನೇ ಟ್ರಾಮ್. ಊರಿನ ಅಂಚಿನ ಕೊಜ್ಮಾ ಬೀದಿಯ ಹೊಸ ಸಾರ್ವಜನಿಕ ಸ್ಮಶಾನದ ಹೆಬ್ಬಾಗಿಲವರೆಗೆ ಸುಮಾರು ಮುಕ್ಕಾಲು ಗಂಟೆ. ಗೇಟಿನ ಬಳಿ ಹೂವು, ಗಾಜಿನ ಲೋಟದ ಮೇಣದ ದೀಪ ಸಿಗುತ್ತವೆ. ಬೆಂಕಿಪೆಟ್ಟಿಗೆ ನೀವೇ ಒಯ್ಯಿರಿ. ನೀರಿನ ಬಾಟಲಿಯೂ ಇರಲಿ. ನಾಜ್ ಮತ್ತು ಸಂಗಡಿಗರ ಸಮಾಧಿಗಳಿರುವ 301ನೇ ವಿಭಾಗ ಇರುವುದು ಅತಿ ಹಿಂದಿನ ಮೂಲೆಯಲ್ಲಿ, ಗೇಟಿನಿಂದ ಸುಮಾರು 2 ಕಿ.ಮೀ., ಅರ್ಧ ಗಂಟೆಯ ನಡಿಗೆ. ಮಧ್ಯಾಹ್ನದೊಳಗೆ ಒಳಗಿದ್ದರೆ ಕ್ಷೇಮ. ನವೆಂಬರ್ 1ರ ಆಸುಪಾಸಿನಲ್ಲಿ ಹಂಗೇರಿಯನ್ನರು ತಮ್ಮವರ ಸಮಾಧಿಗಳಿಗೆ ದೀಪ ಹಚ್ಚಲು ಬರುವುದರಿಂದ ಟ್ರಾಮ್ ಕಿಕ್ಕಿರಿದಿರುತ್ತದೆ. ಆದರೆ ಆ ದಿನಗಳಲ್ಲಿ ನೋಡುವುದೇ ಸರಿ.

ಸಮಾಧಿ ಅಷ್ಟು ದೂರದಲ್ಲಿರುವುದು ಆಕಸ್ಮಿಕವಲ್ಲ. ಸ್ಮಶಾನದ ಪಕ್ಕದಲ್ಲೇ ಜೈಲು. 1958ರ ಜೂನ್ 16ರ ಬೆಳಿಗ್ಗೆ ಆ ಜೈಲಿನ ಅಂಗಳದಲ್ಲಿ ಇಮ್ರೆ ನಾಜ್, ಪಾಲ್ ಮಾಲೆಟೆರ್, ಪತ್ರಕರ್ತ ಮಿಕ್ಲೋಶ್ ಗಿಮೆಶ್ ಮೂವರನ್ನೂ ನೇಣಿಗೆ ಹಾಕಿದರು. ಮೊದಲು ಅಂಗಳದಲ್ಲೇ ಹೂತರು. 1961ರಲ್ಲಿ ಹೊರತೆಗೆದು, ಟಾರು ಕಾಗದದಲ್ಲಿ ಸುತ್ತಿ, ತಂತಿಯಿಂದ ಬಿಗಿದು, ಯಾರ ಕಣ್ಣಿಗೂ ಬೀಳದ ಈ ಮೂಲೆಗೆ ತಂದು ಮುಖ ಕೆಳಗಾಗಿ ಹೂತರು. ಮೇಲೆ ಗುರುತಿಲ್ಲ, ಕಳೆ ಬೆಳೆಯಲು ಬಿಟ್ಟರು. ಜೂನ್ 16ರಂದು ಹೂವು ತಂದವರನ್ನು ಪೊಲೀಸರು ಓಡಿಸುತ್ತಿದ್ದರು.

ಈಗ ಸಾಲುಸಾಲಾಗಿ ನಿಂತಿರುವ ಕೆತ್ತನೆಯ ಮರದ ಕಂಬಗಳು ಹಂಗೇರಿಯ ಹಳ್ಳಿಗಳ ಸಮಾಧಿ ಗುರುತುಗಳ ಬಗೆಯವು. ಪಕ್ಕದಲ್ಲಿ 1992ರ ಸ್ಮಾರಕ: ಶಿಲ್ಪಿ ಗ್ಯೋರ್ಗ್ ಯೊವಾನೊವಿಚ್ ಎತ್ತರಕ್ಕೆ ಏರಿಸುವ ಬದಲು ನೆಲಕ್ಕೆ ಅಂಟಿದಂತೆ, ಗುಂಡಿಯೊಂದರ ಸುತ್ತ ಕಟ್ಟಿದ್ದಾರೆ. ಒಂದೊಂದು ಕಂಬದ ಮೇಲಿನ ಹೆಸರು ಮತ್ತು ವಯಸ್ಸನ್ನು ಓದುತ್ತ ನಡೆಯಿರಿ. ಬಹಳಷ್ಟು ಮಂದಿ ಇಪ್ಪತ್ತರ ಆಸುಪಾಸಿನ ಕಾರ್ಮಿಕರು. ದಂಗೆಯಲ್ಲಿ ಸುಮಾರು 2,500 ಹಂಗೇರಿಯನ್ನರು, ಸುಮಾರು 700 ಸೋವಿಯತ್ ಸೈನಿಕರು ಸತ್ತರು, 2 ಲಕ್ಷದಷ್ಟು ಜನ ದೇಶ ಬಿಟ್ಟರು. ಆಮೇಲಿನ ವರ್ಷಗಳಲ್ಲಿ 200ಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದರು.

1989ರ ವಸಂತದಲ್ಲಿ ಈ ನೆಲವನ್ನು ಅಗೆದರು. ಜೂನ್ 16ರಂದು ವೀರರ ಚೌಕದಲ್ಲಿ ಆರು ಶವಪೆಟ್ಟಿಗೆ ಇಟ್ಟರು. ಐದರಲ್ಲಿ ನಾಜ್ ಮತ್ತು ಸಂಗಡಿಗರು, ಆರನೆಯದು ಹೆಸರಿಲ್ಲದ ಹೋರಾಟಗಾರರಿಗೆಂದು ಖಾಲಿ. ಅಂದು ಸಂಜೆ ಅವರನ್ನು ಮತ್ತೆ ಇದೇ ಮೂಲೆಗೆ ತಂದು, ಈ ಸಲ ಮುಖ ಮೇಲಾಗಿ ಮಲಗಿಸಿದರು. ಜುಲೈ 6ರಂದು ಸುಪ್ರೀಂ ಕೋರ್ಟ್ ನಾಜ್ ನಿರಪರಾಧಿ ಎಂದು ಘೋಷಿಸುತ್ತಿದ್ದ ದಿನವೇ ಯಾನೋಶ್ ಕಾದಾರ್ ತೀರಿಕೊಂಡರು.

ದೀಪ ಹಚ್ಚುವುದಾದರೆ ನಾಜ್ ಅವರ ಹೆಸರು ಕೆತ್ತಿರುವ ಕಲ್ಲಿನ ಬಳಿ ಹಚ್ಚಿ. 1961ರಲ್ಲಿ ಸ್ಮಶಾನದ ದಾಖಲೆ ಪುಸ್ತಕದಲ್ಲಿ ಆ ದೇಹಕ್ಕೆ ಬರೆದಿದ್ದ ಹೆಸರು ಪಿರೋಶ್ಕಾ ಬೊರ್ಬಿರೋ, ಇಲ್ಲದ ಒಬ್ಬ ಹೆಂಗಸಿನದು.